ನಿಂತುಹೋದ ಆಟಕ್ಕೆ ದುಡ್ಡು ಹಾಕಬೇಕಾ?

ಮುದ್ರಣ ನಿಂತು ಎಷ್ಟೋ ವರ್ಷವಾದ ರೋಲ್‌ಪ್ಲೇಯಿಂಗ್ ಆಟವೊಂದರ ಮೇಲೆ ಮನಸ್ಸಾಗಿದೆ ಅಂದುಕೊಳ್ಳಿ. 1987ರ ಸ್ಟಾರ್ ವಾರ್ಸ್ ಇರಬಹುದು, 1981ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇರಬಹುದು. ಇಬೇಯಲ್ಲಿ ಒಂದು ಪ್ರತಿ ಕಣ್ಣಿಗೆ ಬಿದ್ದಿದೆ. ಮಾರುವವರು ಅಮೆರಿಕದಲ್ಲಿದ್ದಾರೆ. ಪುಸ್ತಕದ ಬೆಲೆ ಹೇಗೋ ಹೊಂದಿಸಬಹುದು ಅಂದುಕೊಳ್ಳುವಷ್ಟರಲ್ಲಿ ಬೆಂಗಳೂರಿಗೆ ಕಳಿಸುವ ಖರ್ಚು ಕಂಡು ಎದೆ ಧಸಕ್ ಅನ್ನುತ್ತದೆ. ತಗೊಳ್ಳಬೇಕಾ, ಬಿಡಬೇಕಾ?

ಈ ಪ್ರಶ್ನೆ ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ‘ಹೊಸದೇ ಇಷ್ಟೊಂದು ಇರುವಾಗ ಹಳೇದು ಯಾಕೆ’ ಅನ್ನುವವರು ಒಂದು ಕಡೆ. ‘ಹಳೇದರ ಮಜಾನೇ ಬೇರೆ’ ಅನ್ನುವವರು ಇನ್ನೊಂದು ಕಡೆ. ಎರಡರಿಂದಲೂ ಏನೂ ತೀರ್ಮಾನವಾಗುವುದಿಲ್ಲ. ನಾನು ಮೊದಲು ನೋಡುವುದು ಒಂದೇ ವಿಷಯ: ಆ ಆಟ ಒಂದು ಪುಸ್ತಕದಲ್ಲಿ, ಹೆಚ್ಚೆಂದರೆ ಎರಡರಲ್ಲಿ, ಪೂರ್ತಿಯಾಗಿ ಸಿಗುತ್ತದಾ? ಸಿಗುತ್ತದೆ ಅಂದರೆ ಕಂಪನಿ ಮುಚ್ಚಿದ್ದರೂ ಪರವಾಗಿಲ್ಲ. ಇಲ್ಲ ಅಂದರೆ ಪುಸ್ತಕ ಪುಕ್ಕಟೆ ಸಿಕ್ಕರೂ ಯೋಚನೆ ಮಾಡಬೇಕು.

ಈ ಆಟಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಕಥೆ ಕಟ್ಟುತ್ತಾರೆ. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಬ್ಬರು ಕರ್ಣ, ಒಬ್ಬರು ಕೃಷ್ಣ, ಮಾತು ಅಲ್ಲಲ್ಲೇ ಹುಟ್ಟಬೇಕು. ಆದರೆ ತಾಳಮದ್ದಳೆಯಲ್ಲಿ ಕರ್ಣನ ಗತಿ ಏನು ಅಂತ ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ದಾಳ ಹಾಕಿಯೇ ನೋಡಬೇಕು. ಕಥೆ ನಡೆಸುವವರನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ಯಾವ ದಾಳ ಹಾಕಬೇಕು, ಎಷ್ಟು ಹಾಕಬೇಕು, ಏನು ಬಿದ್ದರೆ ಏನಾಗುತ್ತದೆ ಅನ್ನುವ ನಿಯಮಗಳ ಕಟ್ಟಿಗೆ ಸಿಸ್ಟಮ್ ಅಂತ ಹೆಸರು.

ಪುಸ್ತಕ ನಿಂತುಹೋದರೂ ಸಿಸ್ಟಮ್ ಕೆಡುವುದಿಲ್ಲ. ಅದಕ್ಕೆ ಬ್ಯಾಟರಿ ಇಲ್ಲ, ಸರ್ವರ್ ಇಲ್ಲ, ಅಪ್‌ಡೇಟ್ ಬೇಕಿಲ್ಲ. ನಲವತ್ತು ವರ್ಷ ಹಿಂದೆ ನಡೆದ ನಿಯಮ ಇವತ್ತೂ ನಡೆಯುತ್ತದೆ. ಹಾಗಾಗಿ ಇಲ್ಲಿ ಹಾಕುವ ಬಂಡವಾಳದಲ್ಲಿ ಪುಸ್ತಕದ ದುಡ್ಡು ಸಣ್ಣ ಪಾಲು. ಐದು ಜನ, ನಾಲ್ಕು ಗಂಟೆ, ತಿಂಗಳಿಗೆ ಎರಡು ಸಲ ಅಂದರೆ ತಿಂಗಳಿಗೆ ಒಟ್ಟು 40 ಗಂಟೆ ಆಯಿತು. ಅದರಲ್ಲಿ 32 ಗಂಟೆ ನಿಮ್ಮದಲ್ಲ, ನಿಮ್ಮ ಗೆಳೆಯರದು. ಅವರು ಇನ್ನೊಂದು ರೂಲ್‌ಬುಕ್ ಓದಲು ತಯಾರಿದ್ದಾರಾ ಅನ್ನುವುದು ಇಬೇ ಬೆಲೆಗಿಂತ ದೊಡ್ಡ ವಿಷಯ.

ಸ್ಟಾರ್ ವಾರ್ಸ್ ಡಿ6

ಇದು ನನಗೆ ಇಷ್ಟದ ಆಟ. ಡಿ6 ಅಂದರೆ ಆರು ಮುಖದ ದಾಳ, ಅದೇ ಇದರ ಸಿಸ್ಟಮ್‌ಗೂ ಹೆಸರು. ನಿಂತುಹೋದ ಆಟಗಳಿಗೆ ಬರುವ ಕಷ್ಟಗಳೆಲ್ಲ ಇದಕ್ಕೂ ಬಂದಿವೆ. ಹಾಗಾಗಿ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

1987ರಲ್ಲಿ ಅಮೆರಿಕದ ವೆಸ್ಟ್ ಎಂಡ್ ಗೇಮ್ಸ್ ಕಂಪನಿ ಇದನ್ನು ತಂದಿತು. ಬರೆದವರು ಗ್ರೆಗ್ ಕಾಸ್ಟಿಕ್ಯಾನ್. ಆಗ ಸ್ಟಾರ್ ವಾರ್ಸ್ ಸರಣಿಯ ಮೂರನೇ ಸಿನಿಮಾ ಬಂದು ನಾಲ್ಕು ವರ್ಷವಾಗಿತ್ತು. ಆಟಕ್ಕೆ ಗ್ರಹಗಳು, ಹಡಗುಗಳು, ಜೀವಿಗಳು ಬೇಕಲ್ಲ, ಸಿನಿಮಾದಲ್ಲಿ ಸುಮ್ನೆ ಹಾದುಹೋಗುವ ಎಷ್ಟೋ ಮುಖಗಳಿಗೆ ಹೆಸರೇ ಇರಲಿಲ್ಲ. ಟ್ವೀಲೆಕ್, ರೋಡಿಯನ್ ಅನ್ನುವ ಅನ್ಯಗ್ರಹ ಜೀವಿಗಳ ಹೆಸರು ಬಂದದ್ದು ಈ ಆಟದ ಪುಸ್ತಕಗಳಿಂದ. ಮುಂದೆ ಟಿಮೊಥಿ ಜಾನ್ 1991ರ ತಮ್ಮ ಸ್ಟಾರ್ ವಾರ್ಸ್ ಕಾದಂಬರಿಗೆ ಕೂತಾಗ, ಲ್ಯೂಕಾಸ್‌ಫಿಲ್ಮ್‌ನವರು ಅವರ ಕೈಗೆ ಕೊಟ್ಟದ್ದೂ ಇವೇ ಪುಸ್ತಕಗಳನ್ನು.

ನಿಯಮ ತುಂಬಾ ಸರಳ. ಬೇಕಾದ್ದು ಸಾಮಾನ್ಯ ಆರು ಮುಖದ ದಾಳ ಮಾತ್ರ. ಮಕ್ಕಳ ಆಟದ ಸಾಮಾನು ಇಡುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ಪ್ರತಿ ಪಾತ್ರಕ್ಕೂ ಆರು ಗುಣ. ಪ್ರತಿ ಗುಣಕ್ಕೂ ಇಂತಿಷ್ಟು ದಾಳ. ಕಳ್ಳಸಾಗಣೆ ಮಾಡುವವನ ಪಾತ್ರ ತಗೊಳ್ಳಿ. ಅವನ ಡೆಕ್ಸ್ಟೆರಿಟಿ, ಅಂದರೆ ಕೈಚಳಕ, 3ಡಿ+1. ಹಾಗಂದರೆ ಮೂರು ದಾಳ ಹಾಕಿ, ಬಿದ್ದದ್ದನ್ನು ಕೂಡಿ, ಮೇಲೆ ಒಂದು ಸೇರಿಸಿ. ಅವನು ಬ್ಲಾಸ್ಟರ್ ಬಂದೂಕು ಹೊಡೆಯುವುದರಲ್ಲಿ ಪಳಗಿದ್ದರೆ ಅದೊಂದಕ್ಕೆ ಇನ್ನೊಂದು ದಾಳ ಸಿಗುತ್ತದೆ, 4ಡಿ+1 ಆಗುತ್ತದೆ.

ಈಗ ಅವನು ಮಧ್ಯಮ ದೂರದಲ್ಲಿರುವ ಸೈನಿಕನಿಗೆ ಗುರಿಯಿಡುತ್ತಾನೆ. ಮುಟ್ಟಬೇಕಾದ ಅಂಕಿ 15. ನಾಲ್ಕು ದಾಳ ಬಿದ್ದವು: 5, 3, 6, 2. ಒಟ್ಟು 16, ಮೇಲೊಂದು ಸೇರಿ 17. ಗುಂಡು ತಗುಲಿತು. ಮುಗಿಯಿತು, ಇಷ್ಟೇ. ಹಡಗು ಓಡಿಸಲಿ, ಬೀಗ ಮುರಿಯಲಿ, ಸುಂಕದವನಿಗೆ ಸುಳ್ಳು ಹೇಳಲಿ, ಎಲ್ಲಕ್ಕೂ ಇದೇ ಲೆಕ್ಕ.

ಇದರಲ್ಲಿ ಒಂದು ಜಾಣತನವಿದೆ. ಒಂದೇ ಸುತ್ತಿನಲ್ಲಿ ಎರಡು ಕೆಲಸ ಮಾಡಹೊರಟರೆ, ಎರಡರಲ್ಲೂ ಒಂದೊಂದು ದಾಳ ಕಳೆಯಬೇಕು. ನಮ್ಮ ಕಳ್ಳಸಾಗಣೆದಾರ ಒಂದು ಕೈಯಲ್ಲಿ ಬಾಗಿಲಿನ ಬೀಗದ ಜೊತೆ ಗುದ್ದಾಡುತ್ತಾ ಇನ್ನೊಂದು ಕೈಯಲ್ಲಿ ಗುಂಡು ಹೊಡೆಯುತ್ತೇನೆ ಅಂದರೆ ಬ್ಲಾಸ್ಟರ್‌ಗೆ ಉಳಿಯುವುದು 3ಡಿ+1. ನಾಲ್ಕು ದಾಳದಲ್ಲಿ 15 ಮುಟ್ಟುವ ಸಾಧ್ಯತೆ ಶೇ. 55ಕ್ಕಿಂತ ತುಸು ಜಾಸ್ತಿ. ಮೂರು ದಾಳಕ್ಕೆ ಇಳಿದರೆ ಅದು ಸುಮಾರು ಶೇ. 16ಕ್ಕೆ ಕುಸಿಯುತ್ತದೆ. ಒಂದು ದಾಳ ಕೈಬಿಟ್ಟದ್ದಕ್ಕೆ ಇಷ್ಟು ಪೆಟ್ಟು. ಆಡುವವರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ. ಕೈಯಿಂದ ಒಂದು ದಾಳ ಕೆಳಗಿಟ್ಟಾಗಲೇ ‘ಅಯ್ಯೋ, ಬೇಡವಿತ್ತೇನೋ’ ಅನ್ನಿಸುತ್ತದೆ, ಅಲ್ವಾ? ಆಟ ಕಲಿಸುವುದು ಇಷ್ಟು ಸಲೀಸು.

ಪುಸ್ತಕ 144 ಪುಟ. ಅದರಲ್ಲೇ ನಿಯಮ, ಸಿದ್ಧ ಪಾತ್ರಗಳು, ಹಡಗು ಕಾಳಗ, ಗೇಮ್ ಮಾಸ್ಟರ್‌ಗೆ ಸಲಹೆ, ಆಡಿ ನೋಡಲು ಒಂದು ಸಾಹಸ, ಎಲ್ಲ ಇದೆ. ಸೋರ್ಸ್‌ಬುಕ್ ಅನ್ನುವ ಇನ್ನೊಂದು ಸಂಪುಟ ಜೊತೆಗಿದ್ದರೆ ಹಡಗುಗಳ, ಗ್ಯಾಲಕ್ಸಿಯ ವಿವರ ಸಿಗುತ್ತದೆ. ಆಮೇಲೆ ಬಂದ ಸಪ್ಲಿಮೆಂಟ್‌ಗಳು ರಾಶಿ ಇವೆ. ಯಾವುದೂ ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ. ಇನ್ನೂ ಒಂದು ಅನುಕೂಲ: ಇಡೀ ಮೇಜಿಗೆ ಒಂದೇ ಪ್ರತಿ ಸಾಕು. ಆಟಗಾರರ ಕೈಗೆ ಪಾತ್ರದ ಒಂದು ಹಾಳೆ ಕೊಟ್ಟರೆ ಸರಿ, ಅವರು ಪುಸ್ತಕ ಮುಟ್ಟಬೇಕಾಗಿಯೇ ಇಲ್ಲ. ನಿಂತುಹೋದ ಆಟಕ್ಕೆ ಈ ಗುಣ ಬಹಳ ಮುಖ್ಯ. ಐದು ಪ್ರತಿ ಹುಡುಕಿ ತರುವುದು ಯಾರ ಕೈಲಾಗುತ್ತದೆ?

ದೋಷ ಇಲ್ಲ ಅಂತಲ್ಲ. ಪಾತ್ರ ಬೆಳೆದು ಹತ್ತು, ಹನ್ನೆರಡು ದಾಳ ಹಾಕುವ ಹಂತಕ್ಕೆ ಬಂದರೆ ಪ್ರತಿ ಸಲ ಕೂಡಿಸುವುದೇ ಒಂದು ಕೆಲಸವಾಗುತ್ತದೆ. ಏಟು ತಡೆಯುವುದು ಮೈಬಲದ ದಾಳದಿಂದ. ಹಾಗಾಗಿ ದೈತ್ಯ ವೂಕಿ ಪಾತ್ರಕ್ಕೆ ಸಾಧಾರಣ ಪಿಸ್ತೂಲು ಸೊಳ್ಳೆ ಕಚ್ಚಿದಷ್ಟೇ. ಜೆಡೈ, ಅಂದರೆ ಅತಿಮಾನುಷ ಶಕ್ತಿಯ ಯೋಧನ ಪಾತ್ರ, ಶುರುವಿನಲ್ಲಿ ಏನೂ ಮಾಡಲಾರದು, ಕೊನೆಗೆ ಉಳಿದವರೆಲ್ಲ ಸುಮ್ನೆ ನೋಡುತ್ತಾ ಕೂರಬೇಕು ಅನ್ನುವಷ್ಟು ಬಲಿಯುತ್ತದೆ. ಎಂಟು ಹತ್ತು ಕೂಟದಲ್ಲಿ ಮುಗಿಯುವ ಕಥೆಗೆ ಇದು ಬಂಗಾರ. ಎರಡು ಮೂರು ವರ್ಷ ಎಳೆಯುವ ಕ್ಯಾಂಪೇನ್‌ಗೆ, ಅಂದರೆ ಮುಂದುವರಿಯುತ್ತಲೇ ಹೋಗುವ ಕಥೆಗೆ, ನಾನು ಇದನ್ನು ಆರಿಸುವುದಿಲ್ಲ.

ಇಷ್ಟು ಚೆನ್ನಾಗಿರುವುದು ನಿಂತಿದ್ದು ಯಾಕೆ? ಆಟಗಾರರು ಕೈಬಿಟ್ಟರು ಅಂತಲ್ಲ. ವೆಸ್ಟ್ ಎಂಡ್ ಗೇಮ್ಸ್‌ಗೆ ಶೂ ಆಮದು ಮಾಡುವ ಒಂದು ಸೋದರ ಕಂಪನಿಯ ನಂಟಿತ್ತು. ಆ ಕಂಪನಿ ಸಾಲದಲ್ಲಿ ಸಿಕ್ಕಿಕೊಂಡಿತು. 1998ರಲ್ಲಿ ಅದರ ಜೊತೆ ಆಟದ ಕಂಪನಿಯೂ ದಿವಾಳಿಯಾಯಿತು, ಸ್ಟಾರ್ ವಾರ್ಸ್ ಲೈಸೆನ್ಸ್ ಕೈತಪ್ಪಿತು. ಅಂದರೆ ಒಂದು ಒಳ್ಳೆಯ ಸಿಸ್ಟಮ್ ಬೀದಿಗೆ ಬಂದದ್ದು ಚಪ್ಪಲಿ ವ್ಯಾಪಾರದಿಂದ! 2000ದಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಅನ್ನುವ ಕಂಪನಿ ಬೇರೆಯದೇ ನಿಯಮಗಳ ಸ್ಟಾರ್ ವಾರ್ಸ್ ಆಟ ತಂದಿತು. ಅದಾದ ಮೇಲೆ ಲೈಸೆನ್ಸ್ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಕೈಗೆ ಹೋಯಿತು.

ಹಳೇ ಆಟ ಕೊಳ್ಳುವ ಮೊದಲು ಅದು ಯಾಕೆ ನಿಂತಿತು ಅಂತ ವಿಚಾರಿಸಿ ಅನ್ನುವುದು ಇದಕ್ಕೇ. ಆಡಿದವರೇ ಬೇಸತ್ತು ಬಿಟ್ಟ ಆಟ ಬೇರೆ, ಮಾಲೀಕರ ಲೆಕ್ಕಪುಸ್ತಕದಲ್ಲಿ ಸತ್ತ ಆಟ ಬೇರೆ.

ಹಕ್ಕು ಯಾರ ಕೈಯಲ್ಲಿದೆ

ಸಿನಿಮಾ, ಕಾಮಿಕ್ಸ್ ಹೆಸರಿನ ಮೇಲೆ ಬಂದ ಆಟಗಳಿಗೆ ಒಂದು ಶಾಪವಿದೆ. ನಿಯಮ ಬರೆದವರು ಒಬ್ಬರು, ಹೆಸರಿನ ಒಡೆಯರು ಇನ್ನೊಬ್ಬರು. ಲೈಸೆನ್ಸ್ ಮುಗಿದ ದಿನ ಪುಸ್ತಕ ಮಾರುವ ಹಕ್ಕೂ ಮುಗಿಯುತ್ತದೆ. ಸ್ಟಾರ್ ವಾರ್ಸ್ ಡಿ6ಗೆ ಅಧಿಕೃತ ಪಿಡಿಎಫ್ ಇಲ್ಲದಿರುವುದು ಹೀಗೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಿದ್ದ ಟಿಎಸ್‌ಆರ್ ಕಂಪನಿ 1984ರಲ್ಲಿ ತಂದ ಮಾರ್ವೆಲ್ ಸೂಪರ್ ಹೀರೋಸ್ ಆಟದ್ದೂ ಇದೇ ಕಥೆ. ಬಣ್ಣದ ಒಂದೇ ಕೋಷ್ಟಕದಿಂದ ಇಡೀ ಆಟ ನಡೆಯುತ್ತಿತ್ತು, ಜನ ಇವತ್ತಿಗೂ ಅದನ್ನು ನೆನೆಯುತ್ತಾರೆ, ಆದರೆ ಹೊಸ ಪ್ರತಿ ಕೊಳ್ಳಲು ದಾರಿಯಿಲ್ಲ.

ಆದರೆ ಬಾಗಿಲು ಮುಚ್ಚಿದರೂ ಕಿಟಕಿ ಇದೆ. ಅಮೆರಿಕದ ಕಾಯ್ದೆಯಲ್ಲಿ ಆಟ ಆಡುವ ವಿಧಾನಕ್ಕೆ ಕಾಪಿರೈಟ್ ಇಲ್ಲ. ಅದನ್ನು ಬರೆದ ಮಾತಿಗೆ, ಚಿತ್ರಕ್ಕೆ, ಪಾತ್ರಗಳಿಗೆ ಇದೆ. ನಾಲ್ಕು ದಾಳ ಹಾಕಿ ಕೂಡುವುದು ಯಾರ ಸ್ವತ್ತೂ ಅಲ್ಲ. ಡಿ6 ವಿಷಯದಲ್ಲಿ ಇನ್ನೂ ಒಳ್ಳೆಯದಾಯಿತು. ಸ್ಟಾರ್ ವಾರ್ಸ್ ಹೆಸರು ಹೋದರೂ ನಿಯಮಗಳು ವೆಸ್ಟ್ ಎಂಡ್ ಹತ್ತಿರವೇ ಉಳಿದವು. ದಿವಾಳಿಯಾದ ಮೇಲೆ ಕಂಪನಿಯನ್ನು ಕೊಂಡವರು ಅವನ್ನು ಡಿ6 ಸ್ಪೇಸ್, ಡಿ6 ಫ್ಯಾಂಟಸಿ, ಡಿ6 ಅಡ್ವೆಂಚರ್ ಅಂತ ಬೇರೆಯಾಗಿ ತಂದರು. ಮುಂದೆ ಓಪನ್‌ಡಿ6 ಹೆಸರಲ್ಲಿ ಮುಕ್ತ ಲೈಸೆನ್ಸ್‌ಗೆ, ಅಂದರೆ ಯಾರು ಬೇಕಾದರೂ ಬಳಸುವಂತೆ, ಬಿಟ್ಟರು. ಆ ಪುಸ್ತಕಗಳ ಪಿಡಿಎಫ್ ಈಗ ಡ್ರೈವ್‌ಥ್ರೂ ಆರ್‌ಪಿಜಿ ಅನ್ನುವ ಜಾಲತಾಣದಲ್ಲಿ ಉಚಿತ. ಎಕ್ಸ್-ವಿಂಗ್, ಜೆಡೈ ಥರದ ಸ್ಟಾರ್ ವಾರ್ಸ್ ಹೆಸರು ಅವುಗಳಲ್ಲಿ ಇರುವುದಿಲ್ಲ, ಅಷ್ಟೇ. ಆ ಹೆಸರುಗಳು ನಿಮಗೆ ಗೊತ್ತೇ ಇವೆಯಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ದಾರಿ ಬೇರೆ. 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳು, ಆಡುವವರ ಬಾಯಲ್ಲಿ ಬಿ/ಎಕ್ಸ್, ಒಂದೊಂದು 64 ಪುಟ. ಬರೆದವರು ಟಾಮ್ ಮೋಲ್ಡ್‌ವೇ ಮತ್ತು ಡೇವಿಡ್ ಕುಕ್. ನಲವತ್ತು ವರ್ಷದ ಮೇಲೂ ಇಷ್ಟು ಅಚ್ಚುಕಟ್ಟಾದ ಆಟ ಕಡಿಮೆ. ಇದರ ಹಕ್ಕು ಈಗ ವಿಝರ್ಡ್ಸ್ ಹತ್ತಿರವಿದೆ, ಅವರು ಪಿಡಿಎಫ್ ಮಾರುತ್ತಾರೆ. ಮೇಲಾಗಿ ರೆಟ್ರೋಕ್ಲೋನ್ ಅಂತ ಒಂದು ವರ್ಗವೇ ಬೆಳೆದಿದೆ: ಹಳೇ ನಿಯಮಗಳನ್ನು ಹೊಸದಾಗಿ ಬರೆದು ಕಾನೂನಿನೊಳಗೇ ಮಾರುವುದು. 2006ರಲ್ಲಿ ಓಸ್ರಿಕ್, 2007ರಲ್ಲಿ ಲ್ಯಾಬಿರಿಂತ್ ಲಾರ್ಡ್, 2019ರಲ್ಲಿ ಓಲ್ಡ್-ಸ್ಕೂಲ್ ಎಸೆನ್ಶಿಯಲ್ಸ್. ಕೊನೆಯದಂತೂ ಬಿ/ಎಕ್ಸ್ ನಿಯಮಗಳನ್ನೇ ಹುಡುಕಲು ಸುಲಭವಾಗುವಂತೆ ಜೋಡಿಸಿಟ್ಟ ಪುಸ್ತಕ. ಆಡುವುದೇ ಗುರಿಯಾದರೆ 1981ರ ಹಳದಿ ಹಾಳೆಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಪಿಡಿಎಫ್ ಇದೆ ಅಂತ ನೆಮ್ಮದಿಯಾಗಿಯೂ ಇರುವಂತಿಲ್ಲ. 2009ರ ಏಪ್ರಿಲ್‌ನಲ್ಲಿ ವಿಝರ್ಡ್ಸ್ ತನ್ನ ಎಲ್ಲ ಪಿಡಿಎಫ್‌ಗಳನ್ನು ಮಾರಾಟದಿಂದ ಹಿಂದಕ್ಕೆ ತೆಗೆದುಕೊಂಡಿತು, ಪೈರಸಿ ಕಾರಣ ಕೊಟ್ಟಿತು. ಅವು ಮರಳಿ ಬಂದದ್ದು 2013ರಲ್ಲಿ. ಕೊಂಡದ್ದನ್ನು ಅವತ್ತೇ ಇಳಿಸಿಕೊಂಡು ಎರಡು ಕಡೆ ಇಟ್ಟುಕೊಳ್ಳಿ.

ಇನ್ನು ಕೆಲವು ಆಟಗಳ ಹಳೇ ಪುಸ್ತಕ ಹೊಸ ಆವೃತ್ತಿಯ ಜೊತೆ ನಡೆಯುತ್ತದೆ. 1981ರ ಕಾಲ್ ಆಫ್ ಕ್ತುಲ್ಹು ಆಟದ ಹಳೇ ಕಥೆಗಳನ್ನು ಇವತ್ತಿನ ಏಳನೇ ಆವೃತ್ತಿಯಲ್ಲಿ ಆಡಬೇಕಾದರೆ ಗುಣಗಳ ಅಂಕಿಯನ್ನು ಐದರಿಂದ ಗುಣಿಸಿದರೆ ಹೆಚ್ಚಿನ ಕೆಲಸ ಮುಗಿಯಿತು. ಅಂಥ ಪುಸ್ತಕ ಅಗ್ಗಕ್ಕೆ ಸಿಕ್ಕರೆ ಯೋಚನೆ ಬೇಡ, ತಗೊಳ್ಳಿ.

ದೂರ ಇರಬೇಕಾದ್ದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಾಲ್ಕನೇ ಆವೃತ್ತಿ 2008ರಲ್ಲಿ ಬಂತು. ಕಾಳಗದ ಆಟವಾಗಿ ನೋಡಿದರೆ ಇಡೀ ಸರಣಿಯಲ್ಲಿ ಇಷ್ಟು ಬಿಗಿಯಾದದ್ದು ಇನ್ನೊಂದಿಲ್ಲ ಅನ್ನುವವರಿದ್ದಾರೆ, ನಾನೂ ಅವರಲ್ಲೊಬ್ಬ. ಪುಸ್ತಕಗಳ ಪಿಡಿಎಫ್ ಸಿಗುತ್ತದೆ, ಹಕ್ಕಿನ ತಕರಾರಿಲ್ಲ. ಆದರೂ ಹೊಸಬರಿಗೆ ನಾನು ಬೇಡ ಅನ್ನುತ್ತೇನೆ.

ಕಾರಣ ಸಾಫ್ಟ್‌ವೇರ್. ಈ ಆವೃತ್ತಿಯಲ್ಲಿ ಪ್ರತಿ ಪಾತ್ರಕ್ಕೂ ವಿಶೇಷ ಶಕ್ತಿ, ಕೌಶಲಗಳ ಪಟ್ಟಿಗಳಿವೆ: ‘ಪವರ್’‌ಗಳ ಪಟ್ಟಿ, ‘ಫೀಟ್’‌ಗಳ ಪಟ್ಟಿ. ಒಂದೊಂದು ಪುಸ್ತಕ ಬಂದಾಗಲೂ ಪಟ್ಟಿ ಉದ್ದವಾಯಿತು, ಹಳೆಯದಕ್ಕೆ ತಿದ್ದುಪಡಿಯೂ ಬಂತು. ಆಗಿನವರು ಇದನ್ನೆಲ್ಲ ಕೈಯಲ್ಲಿ ಲೆಕ್ಕ ಹಾಕುತ್ತಿರಲಿಲ್ಲ. ತಿಂಗಳ ಚಂದಾ ಕಟ್ಟಿ ಡಿ ಅಂಡ್ ಡಿ ಇನ್‌ಸೈಡರ್ ಅನ್ನುವ ಸೇವೆಯ ಕ್ಯಾರೆಕ್ಟರ್ ಬಿಲ್ಡರ್‌ನಲ್ಲಿ ಪಾತ್ರ ಕಟ್ಟಿ, ಹಾಳೆ ಪ್ರಿಂಟ್ ತೆಗೆದು ಬರುತ್ತಿದ್ದರು. ಅದು ನಡೆಯುತ್ತಿದ್ದದ್ದು ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಅನ್ನುವ ಬ್ರೌಸರ್ ತಂತ್ರಾಂಶದ ಮೇಲೆ. ಸಿಲ್ವರ್‌ಲೈಟ್ ಕಾಲ ಮುಗಿಯುತ್ತಾ ಬಂತು, 2020ರ ಜನವರಿ 1ಕ್ಕೆ ಸೇವೆಯೂ ನಿಂತಿತು. ಪುಸ್ತಕಗಳು ಹಾಗೇ ಇವೆ. ಆದರೆ ಹನ್ನೆರಡನೇ ಲೆವೆಲ್ ಪಾತ್ರವನ್ನು ಪೆನ್ನು ಪೇಪರಿನಲ್ಲಿ ಕಟ್ಟಲು ಕೂತು ನೋಡಿ. ನಾಲ್ಕು ಪುಸ್ತಕ ತೆರೆದಿಟ್ಟುಕೊಂಡು ಅರ್ಧ ಭಾನುವಾರ ಹೋಗುತ್ತದೆ, ಅದೂ ಒಬ್ಬ ಆಟಗಾರನದ್ದು.

ಆ ಸಿಸ್ಟಮ್‌ನ ಅರ್ಧ ಪುಸ್ತಕದ ಹೊರಗಿತ್ತು. ಮುದ್ರಣ ನಿಂತದ್ದಕ್ಕಿಂತ ಆ ಹೊರಗಿನ ಅರ್ಧ ಹೋದದ್ದೇ ದೊಡ್ಡ ಪೆಟ್ಟು. ಇವತ್ತು ಆ್ಯಪ್ ಇಲ್ಲದೆ ನಡೆಯದ ಹೊಸ ಆಟಗಳನ್ನು ಕೊಳ್ಳುವಾಗಲೂ ಇದು ನೆನಪಿರಲಿ. ಅನುಭವಿ ಗೆಳೆಯರಿದ್ದು, ಕೆಳಗಿನ ಲೆವೆಲ್‌ಗಳಲ್ಲೇ ಆಡಿ ಮುಗಿಸುತ್ತೇವೆ ಅಂದರೆ ನಾಲ್ಕನೇ ಆವೃತ್ತಿ ಈಗಲೂ ನಡೆದೀತು.

ಬೆಲೆ ಏರುತ್ತದೆ ಅಂತ ಕೊಳ್ಳುವುದು

ಇಟ್ಟುಕೊಂಡು ಮುಂದೆ ಮಾರಿದರೆ ಲಾಭ ಬರುತ್ತದಲ್ಲ ಅನ್ನುವವರಿಗೆ ಒಂದಿಷ್ಟು ತಣ್ಣೀರು.

ಬೆಲೆ ಬಾಳುವುದು ಎಲ್ಲ ಹಳೇ ಪ್ರತಿಗಳೂ ಅಲ್ಲ. 1974ರ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮರದ ಮೈಯಂತೆ ಕಾಣುವ ಪೆಟ್ಟಿಗೆಯದ್ದು, ಮೊದಲ ಸಲ ಅಚ್ಚಾದದ್ದು 1,000 ಪ್ರತಿ. ಅದು ಹರಾಜಿನಲ್ಲಿ ಸಾವಿರಾರು ಡಾಲರ್‌ಗೆ ಹೋಗುತ್ತದೆ. 1980ರ ಡೀಟೀಸ್ ಅಂಡ್ ಡೆಮಿಗಾಡ್ಸ್ ಪುಸ್ತಕದ ಮೊದಲ ಮುದ್ರಣಗಳಲ್ಲಿ ಬೇರೆ ಲೇಖಕರ ಕಥಾಲೋಕದ ದೇವತೆಗಳ ಎರಡು ಅಧ್ಯಾಯ ಇದ್ದವು. ಆಮೇಲೆ ತೆಗೆದರು. 144 ಪುಟದ್ದು 128ಕ್ಕೆ ಇಳಿಯಿತು. ಸಂಗ್ರಹಕಾರರಿಗೆ ಬೇಕಾದ್ದು ಆ 144 ಪುಟದ ಪ್ರತಿ. ಮುಖಪುಟ ಒಂದೇ ಥರ ಇರುವುದರಿಂದ ಪುಟ ಎಣಿಸದೆ ಕೊಂಡವರು ಮೋಸ ಹೋಗುತ್ತಾರೆ.

ಉಳಿದ ಸಾಮಾನ್ಯ ಪ್ರತಿಗಳ ಬೆಲೆ ಹಕ್ಕುದಾರರ ಕೈಯಲ್ಲಿದೆ. ಅವರು ಯಾವಾಗ ಬೇಕಾದರೂ ಮರುಮುದ್ರಣ ಮಾಡಬಹುದು. 2012ರಲ್ಲಿ ವಿಝರ್ಡ್ಸ್ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿತು. 2018ರಲ್ಲಿ ಫ್ಯಾಂಟಸಿ ಫ್ಲೈಟ್ ಕಂಪನಿ ನಾವು ಈಗ ಮಾತಾಡಿದ 1987ರ ಸ್ಟಾರ್ ವಾರ್ಸ್ ಪುಸ್ತಕವನ್ನೂ ಸೋರ್ಸ್‌ಬುಕ್ಕನ್ನೂ ಸೇರಿಸಿ, ಮೂವತ್ತು ವರ್ಷದ ನೆನಪಿಗೆ ಅಂತ, ಒಂದೇ ಕವಚದಲ್ಲಿ ಹೊಸದಾಗಿ ತಂದಿತು. ಆಡುವವರಿಗೆ ಹಬ್ಬ. ಬೆಲೆ ಏರಲಿ ಅಂತ ಹಳೇ ಪ್ರತಿ ಹಿಡಿದು ಕೂತವರಿಗೆ ಅಲ್ಲ.

ನಮ್ಮ ಹವೆಯೂ ಹಳೇ ಕಾಗದಕ್ಕೆ ಒಳ್ಳೆಯದಲ್ಲ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಪುಸ್ತಕ ಬೂಸ್ಟು ಹಿಡಿಯುವುದು ಗೊತ್ತೇ ಇದೆ. ಪ್ರತಿಯ ಸ್ಥಿತಿಯ ಮೇಲೆಯೇ ಬೆಲೆ ನಿಂತಿರುವ ವಸ್ತುವನ್ನು ಅಲ್ಲಿ ವರ್ಷಗಟ್ಟಲೆ ಕಾಪಾಡುವುದು ಸುಲಭವಲ್ಲ.

ಹಾಗಾದರೆ ಹೇಗೆ ಶುರು ಮಾಡುವುದು

ಸ್ಟಾರ್ ವಾರ್ಸ್ ಡಿ6 ಮೇಲೆ ಮನಸ್ಸಿದ್ದವರಿಗೆ ನಾನು ಹೇಳುವ ಕ್ರಮ ಇದು. ಮೊದಲು ಒಂದು ರೂಪಾಯಿಯೂ ಹಾಕಬೇಡಿ. ಡಿ6 ಸ್ಪೇಸ್ ಪಿಡಿಎಫ್ ಇಳಿಸಿಕೊಳ್ಳಿ, ಒಂದು ಡಜನ್ ದಾಳ ತನ್ನಿ, ಗೆಳೆಯರನ್ನು ಕೂರಿಸಿ ಒಂದು ಸಣ್ಣ ಕಥೆ ಆಡಿಸಿ. ಅವರಾಗಿಯೇ ‘ಮುಂದಿನದು ಯಾವಾಗ’ ಅಂತ ಕೇಳಿದರೆ ಆಗ ಪುಸ್ತಕ ಹುಡುಕಿ. ಹುಡುಕುವಾಗಲೂ 1987ರ ಪ್ರತಿಗಿಂತ 2018ರ ಮರುಮುದ್ರಣವೇ ಒಳ್ಳೆಯದು. ಅದರ ಮುದ್ರಣವೂ ಈಗ ನಿಂತಿದೆ, ಆದರೆ ಕಾಗದ ಹೊಸದು, ಎರಡು ಸಂಪುಟ ಒಟ್ಟಿಗೆ ಬರುತ್ತವೆ. 1996ರ ಎರಡನೇ ಆವೃತ್ತಿಯ ಪರಿಷ್ಕೃತ ಪುಸ್ತಕ ಅಗ್ಗಕ್ಕೆ ಕಂಡರೆ ಅದೂ ಆಗುತ್ತದೆ. ನಿಯಮ ಜಾಸ್ತಿ, ದಪ್ಪವೂ ಜಾಸ್ತಿ, ಮೂಲದ ಚುರುಕು ಸ್ವಲ್ಪ ಕಡಿಮೆ. ಸಪ್ಲಿಮೆಂಟ್‌ಗಳ ಹಿಂದೆ ಬೀಳಬೇಡಿ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಂಟರಿದ್ದರೆ ಪುಸ್ತಕವನ್ನು ಅವರ ವಿಳಾಸಕ್ಕೆ ತರಿಸಿ, ಅವರು ಊರಿಗೆ ಬರುವಾಗ ತರಲು ಹೇಳಿ. ಎಷ್ಟೋ ಸಲ ಪುಸ್ತಕಕ್ಕಿಂತ ಅಂಚೆಯೇ ದುಬಾರಿ. ದುಡ್ಡು ಕಳಿಸುವ ಮೊದಲು ಮಾರುವವರ ಹತ್ತಿರ ಮುಖಪುಟದ ಫೋಟೋ ಒಂದೇ ಅಲ್ಲ, ಬೆನ್ನಿನ ಫೋಟೋನೂ, ಪುಸ್ತಕ ಮಧ್ಯಕ್ಕೆ ಬಿಚ್ಚಿಟ್ಟ ಫೋಟೋನೂ ಕೇಳಿ. ಆ ಕಾಲದ ಬೈಂಡಿಂಗ್ ನಂಬುವ ಹಾಗಿಲ್ಲ. 1985ರ ಅನ್‌ಅರ್ತ್ಡ್ ಆರ್ಕೇನಾ ಪುಸ್ತಕವಂತೂ ಹಾಳೆ ಉದುರುವುದಕ್ಕೇ ಹೆಸರಾಗಿದೆ. ಪೆಟ್ಟಿಗೆಯಲ್ಲಿ ಬರುವ ಆಟವಾದರೆ ಒಳಗೆ ಏನೇನಿದೆ ಅಂತ ಪಟ್ಟಿ ಬರೆಸಿಕೊಳ್ಳಿ: ನಕ್ಷೆ, ಕಾರ್ಡು, ದಾಳ. 1981ರ ಬೇಸಿಕ್ ಪೆಟ್ಟಿಗೆಯ ದಾಳಗಳಿಗೆ ಅಂಕಿಯ ಬಣ್ಣ ತುಂಬಿರುತ್ತಿರಲಿಲ್ಲ, ತುಂಬಿಕೊಳ್ಳಲು ಒಂದು ಕ್ರೇಯಾನ್ ಕೊಡುತ್ತಿದ್ದರು. ಆ ಕ್ರೇಯಾನ್ ಇದೆ ಅಂತ ಜಾಸ್ತಿ ಬೆಲೆ ಹೇಳಿದರೆ, ಆಡುವವರಾಗಿ ನೀವು ಅದಕ್ಕೆ ಒಂದು ಪೈಸೆಯೂ ಹೆಚ್ಚು ಕೊಡಬೇಕಿಲ್ಲ.